ಹಳೇ ದೋಣಿಯ ರಿಪೇರಿಗೆ ಮರವೋ, ಫೈಬರೋ, ಪ್ಲೈವುಡ್ಡೋ?

ನನ್ನ ಓಟು ಮರೈನ್ ಪ್ಲೈವುಡ್‌ಗೆ, ಅಂದರೆ ನೀರಿನ ಬಳಕೆಗೆಂದೇ ಮಾಡಿದ ಪ್ಲೈವುಡ್‌ಗೆ. ಅದರ ಮೇಲೆ ಎಪಾಕ್ಸಿಯಲ್ಲಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಕೂರಿಸಿದ ಗ್ಲಾಸ್ ಬಟ್ಟೆ, ಅಂದರೆ ಗಾಜಿನ ನಾರಿನ ಬಟ್ಟೆ. ಗಂಗೊಳ್ಳಿ ಅಳಿವೆಯ ಆಸುಪಾಸಿನಲ್ಲಿ ಬಲೆ ಬಿಡುವ ಸಣ್ಣ ದೋಣಿ ನಮ್ಮದು.

ಮರದ ಪೈಕಿ ಗಟ್ಟಿತನದಲ್ಲಿ ಹೆಬ್ಬಲಸಿಗೆ (ಕಾಡು ಹಲಸು) ಸಾಟಿಯಿಲ್ಲ. ಅಪ್ಪನ ದೋಣಿ ಅದರದ್ದೇ. ದಡಕ್ಕೆಳೆದು, ಒಣಗಿಸಿ, ಗೇರು ಎಣ್ಣೆ ಹಚ್ಚುತ್ತಿದ್ದರು. ಈಗ ಚೆನ್ನಾಗಿ ಒಣಗಿದ ಉದ್ದ ಹಲಗೆ ಸಿಗುವುದೇ ಕಷ್ಟ. ಸಿಕ್ಕರೂ ನನಗೆ ಎಟಕುವ ರೇಟಲ್ಲ.

ಪೂರ್ತಿ ಫೈಬರ್ ದೋಣಿ ಹಗುರ, ಹುಳು ಕೊರೆಯುವ ಚಿಂತೆಯಿಲ್ಲ. ಆದರೆ ಅದಕ್ಕೆ ಅಚ್ಚು ಬೇಕು. ಹೊಸದು ಕೊಳ್ಳುವವರಿಗೆ ಸರಿ.

ಹಳೇ ಹಲಗೆಯ ಮೇಲೆ ಪಾಲಿಯೆಸ್ಟರ್ ರೆಸಿನ್ ಎಂಬ ಅಂಟಿನಲ್ಲಿ ಫೈಬರ್ ಮ್ಯಾಟ್ (ಗಾಜಿನ ನಾರಿನ ಹಾಸು) ಅಂಟಿಸುವುದು ಅಗ್ಗ. ಆದರೆ ಮರದಲ್ಲಿ ತೇವ ಉಳಿದಿದ್ದರೆ ಫೈಬರ್ ಬಿಟ್ಟುಕೊಳ್ಳುತ್ತದೆ. ಒಳಗೇ ಮರ ಕೊಳೆಯುತ್ತದೆ, ಹೊರಗಿನಿಂದ ಗೊತ್ತೇ ಆಗಲ್ಲ.

ಪ್ಲೈವುಡ್‌ನ ತಲೆನೋವು ಒಂದೇ, ತೂತು. ಹಿಂಬದಿ ಹಲಗೆಗೆ ಇಂಜಿನ್ ಕೂರಿಸಲು ಬೋಲ್ಟ್ ಹಾಕ್ತೀವಿ ಅಲ್ವಾ, ನೀರು ಒಳಗೆ ಹೋಗುವುದು ಅಲ್ಲಿಂದಲೇ. ಮೇಲೆ ಎಷ್ಟು ಪದರ ಫೈಬರ್ ಹಾಕಿದ್ದರೂ ತೂತಿನ ಒಳಗೋಡೆ ಬರೀ ಮರ. ಇಂಜಿನ್ ನಡುಗಿದ ಹಾಗೆಲ್ಲ ಬೋಲ್ಟ್ ಸಡಿಲವಾಗುತ್ತದೆ, ನೀರು ಪದರಗಳ ನಡುವೆ ಹರಡುತ್ತದೆ. ಈ ಸಲ ರಿಪೇರಿಗೆ ಕಾರಣವೂ ಅದೇ. ಹಳೇ ಬೋಲ್ಟ್ ಬಿಚ್ಚಿದಾಗ ಅದರ ಜೊತೆ ಒದ್ದೆ ಚಹಾಪುಡಿಯಂಥ ಕಪ್ಪು ಮರ ಉದುರಿತು. ಹೊರಗಿನ ಬಣ್ಣ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

ಆಚಾರಿ ಹೇಳಿಕೊಟ್ಟ ಉಪಾಯ ಕೆಲಸ ಮಾಡಿದೆ. ಮೊದಲು ಬೋಲ್ಟ್‌ಗಿಂತ ದಪ್ಪ ತೂತು ಕೊರೆಯಬೇಕು. ಅದರ ತುಂಬ ಮಂದವಾಗಿ ಕಲಸಿದ ಎಪಾಕ್ಸಿ ತುಂಬಿ, ಪೂರ್ತಿ ಗಟ್ಟಿಯಾದ ಮೇಲೆ, ನಡುವೆ ಬೋಲ್ಟ್ ಅಳತೆಯ ತೂತು ಕೊರೆಯಬೇಕು. ಆಗ ಬೋಲ್ಟ್ ಮರವನ್ನು ಮುಟ್ಟುವುದೇ ಇಲ್ಲ. ಹಲಗೆ ಕೊಯ್ದ ಅಂಚುಗಳಿಗೂ ಎಪಾಕ್ಸಿ ಕುಡಿಸಿ, ತೂತಿನ ಹಾಗೆ ಅಂಚೂ ನೀರು ಕುಡಿಯುತ್ತದೆ.

ಪ್ಲೈವುಡ್ ಹಾಳೆ ಕೊಳ್ಳುವಾಗ ಐಎಸ್ 710 ಮುದ್ರೆ ನೋಡಿ, ಅದು ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ. ಆ ದರ್ಜೆಯದ್ದು 72 ಗಂಟೆ ಕುದಿಸಿದರೂ ಪದರ ಬಿಡಬಾರದು. ‘ವಾಟರ್‌ಪ್ರೂಫ್’ ಅಂತ ಅಂಗಡಿಯವರು ಕೊಡುವ ಐಎಸ್ 303 ಮನೆಯ ಕಪಾಟಿಗೆ ಸಾಕು.

ಎಪಾಕ್ಸಿಗೆ ಜಾಸ್ತಿ ದುಡ್ಡು ಹೋಗುತ್ತದೆ. ನಾನು ಆ ದುಡ್ಡನ್ನು ಬಣ್ಣದ ಖರ್ಚಿನಲ್ಲಿ ಉಳಿಸಿದೆ. ಮರ ಬೇಡವೆಂದದ್ದು ಇದಕ್ಕೆ: ನಮ್ಮ ದೋಣಿ ನೀರಲ್ಲೇ ಇರುತ್ತದೆ, ಎಣ್ಣೆ ಹಚ್ಚುತ್ತಾ ಕೂರುವಷ್ಟು ಪುರುಸೊತ್ತು ನನಗಿಲ್ಲ. ದಿನಾ ದಡಕ್ಕೆಳೆಯುವ ಅಭ್ಯಾಸವಿದ್ದು, ಒಳ್ಳೇ ಹಲಗೆಯೂ ಸಿಕ್ಕರೆ ಹೆಬ್ಬಲಸೇ ಹಾಕಿಸಿ.