‘ನೀವು ನೀವಾಗಿದ್ದರೆ ಸಾಕು, ಕೋಚ್ ಆಗಬಹುದು’ ಎಂಬ ಮಾತನ್ನು ನಂಬಿ ನಾನು ಮಾಡಿದ ತಪ್ಪು

ಲೈಫ್ ಕೋಚ್ (ಬದುಕಿನ ಗುರಿಗಳನ್ನು ತಲುಪಲು ಮಾತುಕತೆಯ ಮೂಲಕ ನೆರವಾಗುವವರು) ತರಬೇತಿಗೆ ಸೇರಬೇಕೆಂದು ಯೋಚಿಸುತ್ತಿರುವವರು, ಅದರಲ್ಲೂ ಹಣ ಕಟ್ಟುವ ಮುನ್ನ ಒಂದು ರಾತ್ರಿ ಕಾಯುವ ಅವಕಾಶ ಇನ್ನೂ ಉಳಿದಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಈ ದಾರಿಯಲ್ಲಿ ನಾನು 1,71,100 ರೂಪಾಯಿ ಕಳೆದುಕೊಂಡಿದ್ದೇನೆ. ಹಣ ಹೋದದ್ದು ನೋವಿನ ಸಂಗತಿಯೇ ಹೌದು. ಅದಕ್ಕಿಂತ ಹೆಚ್ಚಾಗಿ, ಆ ತರಬೇತಿಯನ್ನು ನಂಬಿಕೊಂಡು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ನಾನು ಕೇಳಿದ ಒಂದು ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಪ್ರಕರಣ ಜಿಲ್ಲಾ ಗ್ರಾಹಕ ಆಯೋಗದ ಮುಂದಿರುವುದರಿಂದ ಸಂಸ್ಥೆಯ ಹೆಸರನ್ನಾಗಲಿ, ಅದನ್ನು ನಡೆಸುವವರ ಹೆಸರನ್ನಾಗಲಿ ಬರೆಯುವುದಿಲ್ಲ.

ನಾನು ಶಿವಮೊಗ್ಗದವಳು. ಹದಿನಾಲ್ಕು ವರ್ಷ ಅತಿಥಿ ಉಪನ್ಯಾಸಕಿಯಾಗಿ ದುಡಿದಿದ್ದೇನೆ. ಪ್ರತಿ ವರ್ಷವೂ ಕಾರ್ಯಭಾರ ಸಿಗುತ್ತದೋ ಇಲ್ಲವೋ ಎಂದು ಕಾಯುವ ಬದುಕಿನಲ್ಲಿ ನನ್ನ ಕೈಯಲ್ಲಿದ್ದ ಒಂದೇ ಸಮಾಧಾನವೆಂದರೆ, ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದ ಮಕ್ಕಳು. ಮೊಬೈಲಿನಲ್ಲಿ ಕಂಡ ಜಾಹೀರಾತು ಸರಿಯಾಗಿ ಅಲ್ಲಿಗೇ ಕೈ ಹಾಕಿತ್ತು: ‘ಜನ ನಿಮ್ಮ ಹತ್ತಿರ ಮನಸ್ಸು ಬಿಚ್ಚಿ ಮಾತಾಡ್ತಾರಾ? ಹಾಗಾದರೆ ನೀವು ಈಗಾಗಲೇ ಕೋಚ್. ಅದನ್ನು ನೀವು ಕಂಡುಕೊಳ್ಳಬೇಕಷ್ಟೆ.’ 99 ರೂಪಾಯಿಯ ಎರಡು ಗಂಟೆಯ ವೆಬಿನಾರ್ ಅದು. ಕೊನೆಯಲ್ಲಿ ಅರವತ್ತು ಪ್ರಶ್ನೆಗಳ ‘ಆತ್ಮಶೋಧನೆಯ ಪರೀಕ್ಷೆ’ ಕೊಟ್ಟರು. ಮರುದಿನ ಹದಿನಾರು ಪುಟಗಳ ವರದಿ ಬಂತು. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ನಾನು ನನ್ನ ಬಗ್ಗೆಯೇ ಅನುಮಾನಪಡುತ್ತೇನೆ, ನನ್ನಲ್ಲಿ ಬಳಸದೆ ಉಳಿದ ಶಕ್ತಿ ಬಹಳವಿದೆ ಎಂದೆಲ್ಲ ಅದರಲ್ಲಿತ್ತು. ಇಷ್ಟು ವರ್ಷ ಜೊತೆಗಿದ್ದವರಿಗೂ ಕಾಣದ ನಾನು ಇವರಿಗೆ ಕಂಡೆನಲ್ಲ ಎಂದು ಓದುತ್ತಾ ಕಣ್ಣು ತುಂಬಿ ಬಂದಿತ್ತು.

ತಿಂಗಳುಗಳ ನಂತರ, ತರಬೇತಿಯಲ್ಲಿ ನನ್ನ ಬ್ಯಾಚಿನಲ್ಲಿದ್ದ ಹಾಸನದ ಗೆಳತಿಯೊಬ್ಬರು ಮನೆಗೆ ಬಂದಾಗ, ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಮೊಬೈಲ್‌ಗಳನ್ನು ಪಕ್ಕಪಕ್ಕ ಇಟ್ಟು ಇಬ್ಬರ ವರದಿಗಳನ್ನು ಸಾಲು ಸಾಲಾಗಿ ಓದಿದೆವು. ಹೆಸರು ಮತ್ತು ಬಣ್ಣದ ಚಿತ್ರ ಬಿಟ್ಟರೆ ಮೊದಲ ಒಂಬತ್ತು ಪುಟಗಳು ಒಂದೇ. ಇದು ಹೊಸ ವಿದ್ಯೆಯೇನಲ್ಲ ಎಂದು ಆಮೇಲೆ ತಿಳಿಯಿತು. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ನಡೆಸಿ, ಪ್ರತಿಯೊಬ್ಬರಿಗೂ ‘ಇದು ನಿಮ್ಮದೇ’ ಎಂದು ಒಂದೇ ವಿವರಣೆಯ ಹಾಳೆಯನ್ನು ಹಂಚಿದ್ದರು. ಅದರ ವಾಕ್ಯಗಳನ್ನು ಅವರು ಆರಿಸಿಕೊಂಡಿದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ವಿವರಣೆ ಎಷ್ಟು ನಿಜ ಎಂದು ಕೇಳಿದಾಗ ವಿದ್ಯಾರ್ಥಿಗಳು ಕೊಟ್ಟ ಸರಾಸರಿ ಅಂಕ ಐದಕ್ಕೆ 4.26. ಈ ಒಂದು ಸಂಗತಿ ನನಗೆ ಮೊದಲೇ ಗೊತ್ತಿದ್ದಿದ್ದರೆ ಮುಂದಿನ ಹೆಜ್ಜೆ ಇಡುತ್ತಿರಲಿಲ್ಲವೇನೋ.

ಮುಂದಿನ ಹೆಜ್ಜೆ ಕನಕಪುರ ರಸ್ತೆಯ ರೆಸಾರ್ಟೊಂದರಲ್ಲಿ ನಡೆದ ಮೂರು ದಿನಗಳ ಶಿಬಿರ. ಅದರ ಕೊನೆಯ ಸಂಜೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲವೂ ನಡೆದದ್ದು ಅಲ್ಲೇ. ಬೆಳಗ್ಗೆ ಆರರಿಂದ ಕಾರ್ಯಕ್ರಮ, ಊಟಕ್ಕೆ ಅರ್ಧ ಗಂಟೆ, ರಾತ್ರಿ ಹನ್ನೊಂದರವರೆಗೆ ಮತ್ತೆ ಕಾರ್ಯಕ್ರಮ. ಮೂರನೆಯ ದಿನಕ್ಕೆ ನಾವು ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಸಂಜೆ ಏಳಕ್ಕೆ ದೀಪ ಆರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ‘ನಿಮ್ಮ ತಂದೆಗೆ ಹೇಳದೆ ಉಳಿದ ಮಾತನ್ನು ಈಗ ಹೇಳಿ’ ಎಂದರು. ನನ್ನ ಅಪ್ಪ ತೀರಿಕೊಂಡು ಆಗ ಇನ್ನೂ ಒಂದು ವರ್ಷವಾಗಿರಲಿಲ್ಲ. ನೂರಿಪ್ಪತ್ತು ಜನ ಕತ್ತಲೆಯಲ್ಲಿ ಗಟ್ಟಿಯಾಗಿ ಅಳುತ್ತಿದ್ದ ಆ ಸದ್ದನ್ನು ನಾನು ಮರೆಯಲಾರೆ. ಬಟ್ಟೆ ಬಿಚ್ಚಿದಾಗ ದೀಪಗಳು ಉರಿಯುತ್ತಿದ್ದವು, ಸಭಾಂಗಣದ ಹಿಂಭಾಗದಲ್ಲಿ ಆರು ಮೇಜುಗಳು ಬಂದಿದ್ದವು, ಪ್ರತಿ ಮೇಜಿನ ಮೇಲೂ ಕಾರ್ಡ್ ಉಜ್ಜುವ ಯಂತ್ರ, ಟ್ಯಾಬ್ಲೆಟ್ ಮತ್ತು ಒಂದು ಹಿತ್ತಾಳೆಯ ಗಂಟೆ. ಯಾರಾದರೂ ಸೇರಿದರೆ ಗಂಟೆ ಬಾರಿಸುತ್ತಿದ್ದರು, ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಒಂಬತ್ತು ಗಂಟೆಯೊಳಗೆ ಸೇರಿದರೆ 2,90,000 ರೂಪಾಯಿಯ ‘ಪ್ರಮಾಣಿತ ಕೋಚ್’ ತರಬೇತಿ 1,45,000ಕ್ಕೆ. ಅದರ ಮೇಲೆ ಶೇ 18ರ ಜಿಎಸ್‌ಟಿ.

ನಾನು ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ‘ಒಂದಿನ ತಡಿಯೇ, ನಾಳೆ ಕಟ್ಟಿದ್ರೆ ಏನಾಗುತ್ತೆ?’ ಎಂದು ಅಮ್ಮ ಕೇಳಿದರು. ಅಷ್ಟರಲ್ಲಿ ಹಿಂದೆಯೇ ಬಂದಿದ್ದ ಸ್ವಯಂಸೇವಕಿ ನನ್ನ ಕೈ ಹಿಡಿದು, ‘ಮೇಡಂ, ಈಗ ಮಾತಾಡ್ತಿರೋದು ನಿಮ್ಮ ಹಳೆಯ ಭಯ. ನಿಜವಾದ ನೀವು ಒಳಗೆ ಕೂತಿದ್ದಾರೆ, ಅವರನ್ನ ಕೇಳಿ’ ಎಂದರು. ಮೂರು ದಿನದಿಂದ ಕಲಿಸಿದ್ದೂ ಇದನ್ನೇ. ಅನುಮಾನ ಬಂದರೆ ಅದು ನಾವು ಗೆಲ್ಲಬೇಕಾದ ದೌರ್ಬಲ್ಯ. ಬೇಡವೆನ್ನುವ ಮನೆಯವರು ನಮ್ಮ ಬೆಳವಣಿಗೆಯನ್ನು ಸಹಿಸದವರು. ಈ ವ್ಯವಹಾರದಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಆ ಸಂಜೆ ನನ್ನಲ್ಲಿ ಆರೋಗ್ಯವಾಗಿ ಉಳಿದಿದ್ದದ್ದು ಆ ಹಿಂಜರಿಕೆಯೊಂದೇ. ಅದನ್ನೇ ರೋಗವೆಂದು ನನಗೆ ಒಪ್ಪಿಸಿದರು, ನಾನೂ ಒಪ್ಪಿದೆ. ಎಂಟು ಮುಕ್ಕಾಲಿಗೆ ನನ್ನ ಹೆಸರಿನಲ್ಲೂ ಗಂಟೆ ಬಾರಿಸಿತು.

ಕೈಯಲ್ಲಿ ಹಣವಿರಲಿಲ್ಲ. ‘ಬಡ್ಡಿಯಿಲ್ಲದ ಹನ್ನೆರಡು ಕಂತು ಮೇಡಂ’ ಎಂದು ಟ್ಯಾಬ್ಲೆಟ್ಟಿನಲ್ಲಿ ಆಧಾರ್ ಸಂಖ್ಯೆ ಹಾಕಿಸಿ, ಮೂರು ಬಾರಿ ಒಟಿಪಿ ಕೇಳಿ ಪಡೆದರು. ನಾನು ಕಂತಿನಲ್ಲಿ ಶುಲ್ಕ ಕಟ್ಟುತ್ತಿದ್ದೇನೆ ಎಂದುಕೊಂಡಿದ್ದೆ. ವಾಸ್ತವದಲ್ಲಿ ಹಣಕಾಸು ಕಂಪನಿಯೊಂದು ನನ್ನ ಹೆಸರಿನಲ್ಲಿ ಸಾಲ ಮಂಜೂರು ಮಾಡಿ ಪೂರ್ತಿ ಹಣವನ್ನು ಸಂಸ್ಥೆಗೆ ಕೊಟ್ಟಿತ್ತು. ಅಲ್ಲಿಂದ ಮುಂದೆ ತರಬೇತಿ ನಡೆದರೂ ನಡೆಯದಿದ್ದರೂ ಸಾಲಗಾರ್ತಿ ನಾನೇ, ಕಂತು ತಪ್ಪಿದರೆ ಕೆಡುವುದು ನನ್ನ ಸಿಬಿಲ್ ಅಂಕವೇ. ಒಮ್ಮೆಲೇ ಕಟ್ಟುವವರಿಗೆ 12,000 ರೂಪಾಯಿ ರಿಯಾಯಿತಿ ಎಂದು ಪಕ್ಕದ ಮೇಜಿನಲ್ಲಿ ಬರೆದಿತ್ತು. ಕಂತಿನವರಿಗೆ ಸಿಗದ ಆ ರಿಯಾಯಿತಿಯಲ್ಲೇ ಇಲ್ಲವೆಂದ ಬಡ್ಡಿ ಕುಳಿತಿತ್ತು. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಡಿಜಿಟಲ್ ಸಾಲಗಳ ಬಗ್ಗೆ 2022ರಲ್ಲಿ ಅದು ತಂದ ನಿಯಮಗಳ ಪ್ರಕಾರ, ಸಾಲದ ಒಟ್ಟು ವೆಚ್ಚವನ್ನು ಒಂದು ಹಾಳೆಯಲ್ಲಿ ಮೊದಲೇ ತೋರಿಸಬೇಕು, ಮತ್ತು ಅಸಲು ಹಾಗೂ ಅಷ್ಟು ದಿನದ ಬಡ್ಡಿಯನ್ನು ಹಿಂದಿರುಗಿಸಿ ದಂಡವಿಲ್ಲದೆ ಹೊರಬರಲು ಒಂದು ಸಣ್ಣ ಅವಧಿಯನ್ನು ಕೊಡಬೇಕು. ನನಗೆ ಆ ಹಾಳೆ ಬಂದದ್ದು ಇಮೇಲಿಗೆ, ನಾನು ತೆರೆದದ್ದು ಹತ್ತು ದಿನ ಕಳೆದ ಮೇಲೆ. ಸೇರಿದ ಮೊದಲ ವಾರವನ್ನು ಅವರು ‘ಮೌನ ಸಪ್ತಾಹ’ ಎಂದು ಕರೆದಿದ್ದರು. ಮೊಬೈಲ್ ನೋಡಬಾರದು, ಯಾರೊಂದಿಗೂ ಚರ್ಚಿಸಬಾರದು.

ತರಗತಿಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹನ್ನೆರಡು ವಾರ, ವಾರಕ್ಕೆ ಒಂದೂವರೆ ಗಂಟೆಯ ಒಂದು ಜೂಮ್ ತರಗತಿ, ಒಟ್ಟು ಹದಿನೆಂಟು ಗಂಟೆ. ಅದರಲ್ಲಿ ಸುಮಾರು ಅರ್ಧ, ಗಿರಾಕಿಗಳನ್ನು ಹುಡುಕುವುದು ಹೇಗೆ, ‘ಪ್ಲಾಟಿನಂ’ ಹಂತಕ್ಕೆ ಏರುವುದು ಹೇಗೆ ಎಂಬುದಕ್ಕೇ ಹೋಯಿತು. ‘ಅಂತರರಾಷ್ಟ್ರೀಯ ಮಾನ್ಯತೆ’ ಎಂದು ಅವರು ಕೊಡುವ ಪ್ರಮಾಣಪತ್ರದಲ್ಲಿ ಚಿನ್ನದ ಬಣ್ಣದ ಮುದ್ರೆಯಿದೆ. ಮಾನ್ಯತೆ ಕೊಟ್ಟ ಸಂಸ್ಥೆಯ ವಿಳಾಸವನ್ನು ಹುಡುಕಿದಾಗ ಅದು ತರಬೇತಿ ಸಂಸ್ಥೆಯ ಕಟ್ಟಡವೇ ಆಗಿತ್ತು. ಜಗತ್ತಿನಲ್ಲಿ ಈ ವೃತ್ತಿಗೆ ಹೆಚ್ಚು ಪರಿಚಿತವಾದ ಮಾನದಂಡ 1995ರಲ್ಲಿ ಅಮೆರಿಕದಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್‌ನದು. ಅದರ ಮೊದಲ ಹಂತವಾದ ಎಸಿಸಿಗೇ ಕನಿಷ್ಠ 60 ಗಂಟೆಗಳ ತರಬೇತಿ, 100 ಗಂಟೆಗಳ ಕೋಚಿಂಗ್ ಅನುಭವ, ಅನುಭವಿ ಕೋಚ್ ಒಬ್ಬರ ಕೈಕೆಳಗೆ 10 ಗಂಟೆಗಳ ಮಾರ್ಗದರ್ಶನ ಮತ್ತು ಪರೀಕ್ಷೆ ಇವೆ. ಎರಡನೆಯ ಹಂತಕ್ಕೆ ಅನುಭವವೇ 500 ಗಂಟೆ. ಅದೂ ಖಾಸಗಿ ವೃತ್ತಿಸಂಸ್ಥೆಯೇ. ನಮ್ಮ ದೇಶದಲ್ಲಿ ಕೋಚ್ ಎಂದು ಫಲಕ ಹಾಕಿಕೊಳ್ಳಲು ಯಾವ ಪರವಾನಗಿಯೂ ಬೇಕಿಲ್ಲ. ಕ್ಲಿನಿಕಲ್ ಮನಃಶಾಸ್ತ್ರಜ್ಞರಿಗಾದರೆ 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆ, ಸಂಖ್ಯೆ ಕೇಳಿ ಪರಿಶೀಲಿಸಬಹುದು. ಗುರಿ ಇಟ್ಟುಕೊಂಡವರಿಗೆ, ಕಚೇರಿಯಲ್ಲಿ ಹೊಸ ಹೊಣೆ ಹೊತ್ತವರಿಗೆ ಪ್ರಾಮಾಣಿಕವಾಗಿ ನೆರವಾಗುವ ಕೋಚ್‌ಗಳೂ ಇದ್ದಾರೆ. ಅಂಥ ಇಬ್ಬರನ್ನು ನಾನು ಆಮೇಲೆ ಭೇಟಿಯಾಗಿದ್ದೇನೆ, ಇಬ್ಬರೂ ಈ ಕೆಲಸ ಕಲಿಯಲು ವರ್ಷಗಳನ್ನು ಕೊಟ್ಟವರು.

ಪ್ರಮಾಣಪತ್ರಕ್ಕೆ ಮೊದಲು ಹತ್ತು ಜನರಿಗೆ ಉಚಿತವಾಗಿ ಕೋಚಿಂಗ್ ಕೊಡಬೇಕಿತ್ತು. ನಾಲ್ಕನೆಯವಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ಐದು ವಾರಗಳಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ‘ಬೆಳಗ್ಗೆ ಕಣ್ಣು ಬಿಡೋದೇ ಬೇಡ ಅನ್ಸುತ್ತೆ ಮೇಡಂ’ ಎಂದಳು. ಉಪನ್ಯಾಸಕಿಯಾಗಿದ್ದ ದಿನಗಳಲ್ಲಾಗಿದ್ದರೆ ನಾನು ತಕ್ಷಣ ಅವಳ ಪಕ್ಕಕ್ಕೆ ಹೋಗಿ ಕೂರುತ್ತಿದ್ದೆ, ಅವಳ ತಾಯಿಗೆ ಫೋನ್ ಮಾಡುತ್ತಿದ್ದೆ. ಆ ದಿನ ನನ್ನ ತೊಡೆಯ ಮೇಲೆ ಪ್ರಶ್ನೆಗಳ ಹಾಳೆ ಇತ್ತು. ಏಳನೆಯ ಪ್ರಶ್ನೆಯನ್ನು ಓದಿದೆ: ‘ಈ ನೋವಿನಿಂದ ನಿನಗೆ ಏನು ಲಾಭ ಆಗ್ತಿದೆ ಅಂತ ಯೋಚನೆ ಮಾಡು.’ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಮುಂದಿಟ್ಟ ಕಾಫಿ ಆರಿ ಕೆನೆ ಕಟ್ಟಿತ್ತು. ಆಮೇಲೆ ತಲೆಯೆತ್ತದೆ, ‘ಹಾಗಾದ್ರೆ ತಪ್ಪು ನಂದೇನಾ ಮೇಡಂ?’ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಎಂಟನೆಯ ಪ್ರಶ್ನೆಗೆ ಹೋದೆ.

ಆ ಸಂಜೆ ತರಬೇತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನನ್ನ ಮೆಂಟರ್‌ಗೆ, ಅಂದರೆ ಸಂಸ್ಥೆಯ ಮಾರ್ಗದರ್ಶಕರಿಗೆ, ವಿಷಯ ತಿಳಿಸಿ ಏನು ಮಾಡಲಿ ಎಂದು ಕೇಳಿದೆ. ಅವಳ ನೋವನ್ನು ನೀವು ಹೊರಬೇಡಿ, ಅವಳಿಗೆ ಇಪ್ಪತ್ತೊಂದು ದಿನಗಳ ಪ್ಯಾಕೇಜ್ ಹೇಳಿ ಎಂದು ಉತ್ತರ ಬಂತು. ವೈದ್ಯರ ಬಳಿ ಕಳಿಸಿ ಎಂಬ ಒಂದು ಮಾತು ಆ ಹದಿನೆಂಟು ಗಂಟೆಗಳಲ್ಲೂ ಬಂದಿರಲಿಲ್ಲ. ತನ್ನ ಕೈಮೀರಿದ ಸ್ಥಿತಿ ಕಂಡರೆ ಬೇರೆ ವೃತ್ತಿಪರರ ಬಳಿಗೆ ಕಳಿಸಬೇಕೆಂಬುದು ನಾನು ಮೇಲೆ ಹೇಳಿದ ಫೆಡರೇಶನ್ ಕೋಚ್‌ಗಳಿಂದ ನಿರೀಕ್ಷಿಸುವ ಮೂಲ ನಡವಳಿಕೆಗಳಲ್ಲಿ ಒಂದು. ಹತ್ತು ದಿನಗಳ ನಂತರ ಅವಳ ತಾಯಿ ಫೋನ್ ಮಾಡಿ, ‘ನೀವೇನು ಹೇಳಿದ್ರೋ ಗೊತ್ತಿಲ್ಲ ಮೇಡಂ, ಅವತ್ತಿಂದ ತಪ್ಪೆಲ್ಲ ನಂದೇ ಅಂತ ಅಳ್ತಾಳೆ’ ಎಂದರು. ಅಂದೇ ಹೋಗಿ, ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಂಡೆ. ಖಿನ್ನತೆ ಎಂದರು, ಔಷಧ ಆರಂಭಿಸಿದರು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದೂ ಹೇಳಿದರು. ಜಿಲ್ಲಾ ಮಟ್ಟದಲ್ಲೇ ಮನಸ್ಸಿಗೆ ಚಿಕಿತ್ಸೆ ಕೊಡುವ ಮಾದರಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ರೂಪಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆದದ್ದು ಅದರಿಂದ. 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇದೆಲ್ಲ ನನ್ನ ಮನೆಯಿಂದ ಒಂದು ಬಸ್ಸಿನ ದೂರದಲ್ಲಿದ್ದಾಗ ನಾನು ಅವಳಿಗೆ ಏಳನೆಯ ಪ್ರಶ್ನೆ ಓದಿದ್ದೆ. ಎಂಟು ತಿಂಗಳ ಚಿಕಿತ್ಸೆಯ ನಂತರ ಅವಳು ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ.

ಆಮೇಲೆ ನಾನು ತರಬೇತಿಯಿಂದ ಹೊರಬಂದು ಹಣ ವಾಪಸ್ ಕೇಳಿದೆ. ಮರುಪಾವತಿ ಇಲ್ಲವೆಂದು ನಿಯಮಗಳಲ್ಲಿ ಬರೆದಿದೆ ಎಂದರು. ಸೋತವರ ಮನಃಸ್ಥಿತಿಯಲ್ಲಿ ಸಿಕ್ಕಿಬಿದ್ದಿದ್ದೀರಿ ಎಂದು ಇಮೇಲ್ ಬರೆದರು. ಹಾಗೆ ಬರೆದುಕೊಂಡ ಮಾತ್ರಕ್ಕೆ ಎಲ್ಲವೂ ಮುಗಿಯುವುದಿಲ್ಲ ಎಂದು ನನ್ನ ವಕೀಲರು ವಿವರಿಸಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತು ಮತ್ತು ಅನ್ಯಾಯದ ಕರಾರು ಎರಡನ್ನೂ ಪ್ರಶ್ನಿಸಬಹುದು. ಅನ್ಯಾಯದ ಕರಾರಿನ ದೂರು ಮಾತ್ರ ರಾಜ್ಯ ಆಯೋಗಕ್ಕೆ ಹೋಗಬೇಕು. ಉಳಿದವುಗಳಿಗೆ, ಸಂಸ್ಥೆ ಬೆಂಗಳೂರಿನಲ್ಲಿದ್ದರೂ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷಗಳೊಳಗೆ ಕೊಡಬೇಕು. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಕಂತನ್ನು ಮಾತ್ರ ಸಿಟ್ಟಿನಲ್ಲಿ ನಿಲ್ಲಿಸಬೇಡಿ. ಹಣಕಾಸು ಕಂಪನಿಗೆ ಲಿಖಿತವಾಗಿ ತಿಳಿಸುತ್ತಾ ಕಟ್ಟುವುದೇ ಸದ್ಯಕ್ಕೆ ಕ್ಷೇಮ.

ಸೇರಲೇಬೇಕೆಂದಿರುವವರು ಹಣ ಕಟ್ಟುವ ಮುನ್ನ ಕೆಲವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಒಟ್ಟು ಎಷ್ಟು ಗಂಟೆಗಳ ಪಾಠ, ಕಲಿಸುವವರ ಅರ್ಹತೆ ಏನು, ನಾವು ಕೋಚಿಂಗ್ ಮಾಡುವುದನ್ನು ಯಾರು ಕೂತು ನೋಡಿ ತಿದ್ದುತ್ತಾರೆ, ತೀವ್ರ ನೋವಿನಲ್ಲಿರುವವರು ಬಂದರೆ ಏನು ಮಾಡಬೇಕೆಂದು ಯಾವ ತರಗತಿಯಲ್ಲಿ ಹೇಳಿಕೊಡುತ್ತಾರೆ. ಕೊನೆಯ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಅಲ್ಲಿಂದ ಎದ್ದು ಬನ್ನಿ. ಈಗಾಗಲೇ ಸೇರಿದ್ದವರು, ಹಣ ವಾಪಸ್ ಕೇಳುವ ಮೊದಲು ವಾಟ್ಸ್‌ಆ್ಯಪ್ ಗುಂಪಿನ ಸಂದೇಶಗಳನ್ನು, ಜಾಹೀರಾತನ್ನು, ಸಾಲದ ಕರಾರನ್ನು ಉಳಿಸಿಟ್ಟುಕೊಳ್ಳಿ. ನಾನು ಕೇಳಿದ ದಿನ ಸಂಜೆಯೇ ನನ್ನನ್ನು ಗುಂಪಿನಿಂದ ತೆಗೆದರು, ತರಗತಿಯ ಧ್ವನಿಮುದ್ರಣಗಳಿದ್ದ ಖಾತೆಯನ್ನೂ ಮುಚ್ಚಿದರು. ನನ್ನ ಬಳಿ ಉಳಿದದ್ದು ಹಣದ ರಸೀದಿ, ಆ ಹದಿನಾರು ಪುಟಗಳ ವರದಿ, ಮತ್ತು ಇಪ್ಪತ್ತೊಂದು ದಿನಗಳ ಪ್ಯಾಕೇಜ್ ಹೇಳಿ ಎಂದ ಆ ಒಂದು ಸಂದೇಶದ ಸ್ಕ್ರೀನ್‌ಶಾಟ್. ಮೂರನ್ನೂ ಆಯೋಗಕ್ಕೆ ಸಲ್ಲಿಸಿದ್ದೇನೆ.