ಪಾಸ್ತಾಗೆ ಹಾಕುವ ಟೊಮ್ಯಾಟೊ ಸಾಸಿಗೆ ಯಾವ ಒಣ ಮಸಾಲೆ ಮಿಕ್ಸ್? ಮೂರು ಬಗೆ ಮಾಡಿ ನೋಡಿದಾಗ

ಮೂರಕ್ಕೂ ಅಳತೆ ಒಂದೇ: ಸಿಪ್ಪೆ ಸುಲಿದ 1 ಕೆಜಿ ಟೊಮ್ಯಾಟೊ, 2 ದೊಡ್ಡ ಚಮಚ ಆಲಿವ್ ಎಣ್ಣೆ, ಅರ್ಧಕ್ಕೆ ಇಂಗುವವರೆಗೆ ಸಣ್ಣ ಉರಿ. ಬದಲಾಗಿದ್ದು ಪುಡಿ ಮಾತ್ರ.

ಮೊದಲನೆಯದು ಅಮೆರಿಕದ ಅಂಗಡಿಗಳಲ್ಲಿ ಸಿಗುವ ‘ಸ್ಪಗೆಟಿ ಸಾಸ್ ಮಿಕ್ಸ್’ ಪೊಟ್ಟಣ. ಮೆಕ್ಕೆಜೋಳದ ಪಿಷ್ಟ, ಸಕ್ಕರೆ, ಉಪ್ಪು, ಈರುಳ್ಳಿ-ಬೆಳ್ಳುಳ್ಳಿ ಪುಡಿಯೇ ಹೆಚ್ಚು, ಸೊಪ್ಪು ಹೆಸರಿಗಷ್ಟೇ. ಇದು ಡಬ್ಬದ ಟೊಮ್ಯಾಟೊ ಪೇಸ್ಟಿಗೆ ನೀರು ಬೆರೆಸಿ ಮಾಡುವವರಿಗೆಂದೇ ಇರುವಂಥದ್ದು. ಹತ್ತು ನಿಮಿಷದ ಕೆಲಸ. ತಾಜಾ ಟೊಮ್ಯಾಟೊ ಕುದಿಯುವಾಗ ನೇರ ಸುರಿದರೆ ಮುದ್ದೆಯಲ್ಲಿ ಗಂಟು ಉಳಿದ ಹಾಗೆ, ಒಡೆದರೆ ಒಳಗೆ ಹಸಿ ಹಿಟ್ಟು. ಕಾಲು ಕಪ್ ತಣ್ಣೀರಲ್ಲಿ ಕದಡಿ, ಕೊನೆಯ ಐದು ನಿಮಿಷಕ್ಕೆ ಹಾಕಬೇಕು. ಹೆಚ್ಚು ಹೊತ್ತು ಕುದಿಸಿದರೆ ಹುಳಿಗೆ ಪಿಷ್ಟ ಒಡೆದು ಸಾಸ್ ಮತ್ತೆ ನೀರಾಗುತ್ತದೆ. ಬೇರೆ ಉಪ್ಪು ಬೇಡ.

ಪಿಜ್ಜಾ ಜೊತೆ ಬರುವಂಥ ಒರೆಗಾನೊ ಸೀಸನಿಂಗ್ ಸಾಸ್ ಕುದಿಸಲು ಲಾಯಕ್ಕಿಲ್ಲ. ಉಪ್ಪು, ಒಣಮೆಣಸಿನ ಚೂರಿನ ಜೊತೆ ಹಲವು ಬ್ರ್ಯಾಂಡ್‌ಗಳಲ್ಲಿ ಸಿಟ್ರಿಕ್ ಆಮ್ಲವೂ ಇರುತ್ತದೆ. ನಾಟಿ ಟೊಮ್ಯಾಟೊಗೆ ಬಿದ್ದರೆ ಹುಣಸೆ ತಿಂದ ಹಲ್ಲೂ ಜುಮ್ಮೆನ್ನಬೇಕು! ಒಲೆ ಆರಿಸಿದ ಮೇಲೆ ಅರ್ಧ ಟೀ ಚಮಚ ಉದುರಿಸಿ, ಸಾಕು.

ಗೆದ್ದದ್ದು ಉಪ್ಪಿಲ್ಲದ, ಬರೀ ಒಣಗಿಸಿದ ಪರಿಮಳದ ಸೊಪ್ಪಿನ ಮಿಕ್ಸ್: ಒರೆಗಾನೊ, ಬೇಸಿಲ್, ಥೈಮ್, ಮಾರ್ಜೊರಮ್, ರೋಸ್‌ಮೆರಿ. ಲೇಬಲ್ಲಿನಲ್ಲಿ ಮೊದಲ ಹೆಸರು ಒರೆಗಾನೊ ಇರುವುದನ್ನೇ ಕೊಳ್ಳಿ. ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ರೋಸ್‌ಮೆರಿ ಮುಂದಿದ್ದರೆ ಸಾಸಿಗೆ ಔಷಧಿ ವಾಸನೆ, ಜೊತೆಗೆ ಬೇಯದ ಕಡ್ಡಿಗಳು ಹಲ್ಲಿಗೆ ಸಿಗುತ್ತವೆ. 1 ಕೆಜಿಗೆ 2 ಟೀ ಚಮಚ. ಅಂಗೈಯಲ್ಲಿ ತಿಕ್ಕಿ, ಇಳಿಸುವ 20 ನಿಮಿಷ ಮೊದಲು ಹಾಕಿ. ಕಾದ ಎಣ್ಣೆಗೆ ಹಾಕಿದರೆ ಕ್ಷಣದಲ್ಲಿ ಕಪ್ಪಾಗಿ ಕಹಿ. ಬೆಳ್ಳುಳ್ಳಿ ಮಾತ್ರ ಪುಡಿ ಬೇಡ: 4 ಎಸಳು ಹೆಚ್ಚಿ, ತಣ್ಣನೆಯ ಎಣ್ಣೆಯಲ್ಲೇ ಹಾಕಿ ಒಲೆ ಹಚ್ಚಿ, ತಿಳಿ ಹೊಂಬಣ್ಣಕ್ಕೆ ಬಂದ ಕೂಡಲೇ ಟೊಮ್ಯಾಟೊ.

ಅಸಲಿಗೆ ಇಟಲಿಯ ನೇಪಲ್ಸಿನ ಟೊಮ್ಯಾಟೊ ಸಾಸ್ ಮರಿನಾರಾಗೆ ಈ ಐದೂ ಸೊಪ್ಪು ಬೇಕಿಲ್ಲ. ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಸಾಕು. ಹಾಗಾಗಿ ಮನೆಯಲ್ಲೇ ಬೆರೆಸುವುದಾದರೆ ಒರೆಗಾನೊ 3 ಪಾಲು, ಬೇಸಿಲ್ 2, ಥೈಮ್ 1, ಉಳಿದವನ್ನು ಬಿಡಬಹುದು. ಥೈಮ್ ಸಿಗದಿದ್ದರೆ ಓಂಕಾಳು ಹಾಕುವ ಆಸೆ ಬೇಡ. ಎರಡರಲ್ಲೂ ಥೈಮಾಲ್ ಎಂಬ ಘಾಟಿನ ಅಂಶ ಇರುವುದು ನಿಜ, ಆದರೆ ಅರ್ಧ ಚಮಚ ಬಿದ್ದರೆ ಪಾಸ್ತಾ ತಟ್ಟೆಯಿಂದ ಮೆಣಸಿನಕಾಯಿ ಬಜ್ಜಿ ಘಮ್ಮೆನ್ನುತ್ತದೆ.