ಓಪನ್‌ಬಿಸಿಐ ಸೈಟನ್: ಕಾಲೇಜು ಲ್ಯಾಬಿನಲ್ಲಿ ಮಿದುಳಿನ ಅಲೆ ಹಿಡಿಯಲು ಈ ಬೋರ್ಡ್ ಸಾಕೇ?

ಕೆಲಸ ಮಾಡುತ್ತಿರುವ ಮಿದುಳನ್ನು ತಲೆಬುರುಡೆ ತೆರೆಯದೆ ನೋಡುವ ದಾರಿಗಳು ಕೆಲವೇ. ಎಫ್‌ಎಂಆರ್‌ಐ ಯಾವ ಭಾಗ ಚುರುಕಾಗಿದೆ ಎಂದು ಮಿಲಿಮೀಟರ್ ಲೆಕ್ಕದಲ್ಲಿ ತೋರಿಸುತ್ತದೆ. ಆದರೆ ಅದು ಅಳೆಯುವುದು ರಕ್ತದ ಆಮ್ಲಜನಕದ ಏರುಪೇರನ್ನು, ಅದೂ ಕೆಲವು ಸೆಕೆಂಡು ತಡವಾಗಿ. ಯಂತ್ರದ ಬೆಲೆ ಕೋಟಿಗಳಲ್ಲಿ. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ಮೇಲೆ ಮೊದಲು ದಾಖಲಿಸಿದ ಇಇಜಿ (ನೆತ್ತಿಯ ಮೇಲಿನಿಂದ ಮಿದುಳಿನ ವಿದ್ಯುತ್ ಅಲೆ ಅಳೆಯುವ ವಿಧಾನ) ಮಿಲಿಸೆಕೆಂಡಿನ ಬದಲಾವಣೆಯನ್ನೂ ಹಿಡಿಯುತ್ತದೆ, ಕಾಲೇಜಿನ ಕೈಗೂ ಎಟುಕುತ್ತದೆ. ಈ ವರ್ಗದಲ್ಲಿ ಗಂಭೀರವಾಗಿ ಪರಿಗಣಿಸಬೇಕಾದ ಬೋರ್ಡ್ ಓಪನ್‌ಬಿಸಿಐ ಕಂಪನಿಯ ಸೈಟನ್. ಬೆಲೆಯ ಮೇಲೆ ಸುಂಕ, ಸಾಗಣೆಯೂ ಸೇರುತ್ತದೆ.

ಇದರ ಜೀವಾಳ ಇಇಜಿಗೆಂದೇ ತಯಾರಾದ ಎಡಿಎಸ್ 1299 ಚಿಪ್: 8 ಚಾನೆಲ್, 24 ಬಿಟ್. ಗೇನ್ 24ರಲ್ಲಿ, ಅಂದರೆ ಸಂಕೇತವನ್ನು 24 ಪಟ್ಟು ಹಿಗ್ಗಿಸಿದಾಗ, ಅದು ಗುರುತಿಸುವ ಒಂದು ಮೆಟ್ಟಿಲು ಸುಮಾರು 0.022 ಮೈಕ್ರೋವೋಲ್ಟ್. ನೆತ್ತಿಯ ಮೇಲಿನ ಸಂಕೇತ ಹತ್ತಾರು ಮೈಕ್ರೋವೋಲ್ಟ್ ಇರುವುದರಿಂದ ಚಿಪ್ಪಿನ ಸೂಕ್ಷ್ಮತೆಯ ಬಗ್ಗೆ ತಕರಾರಿಗೆ ಜಾಗವೇ ಇಲ್ಲ. ರೇಡಿಯೋ ಮೂಲಕ ಸೆಕೆಂಡಿಗೆ 250 ಸ್ಯಾಂಪಲ್ ಬರುತ್ತವೆ. ಡೈಸಿ ಎಂಬ ಹೆಚ್ಚುವರಿ ಬೋರ್ಡ್ ಸೇರಿಸಿದರೆ 16 ಚಾನೆಲ್ ಆಗುತ್ತದೆ, ಆದರೆ ವೇಗ 125ಕ್ಕೆ ಇಳಿಯುತ್ತದೆ. ಬೋಧನೆಗೆ 8 ಸಾಕು. ಡೈಸಿಯ ಹಣವನ್ನು ಎಲೆಕ್ಟ್ರೋಡನ್ನು ಚರ್ಮಕ್ಕೆ ಅಂಟಿಸುವ ವಿದ್ಯುತ್‌ವಾಹಕ ಪೇಸ್ಟ್ ಮತ್ತು ಎಲೆಕ್ಟ್ರೋಡ್‌ಗೆ ಹಾಕುವುದೇ ಜಾಣತನ.

ಏಕೆಂದರೆ ಪ್ರಯೋಗ ಕೆಡುವುದು ಬಹುಪಾಲು ಬೋರ್ಡಿನಲ್ಲಲ್ಲ, ಚರ್ಮದಲ್ಲಿ. ಕೊಬ್ಬರಿ ಎಣ್ಣೆ ಹಚ್ಚಿದ ತಲೆ ಇಇಜಿಗೆ ದೊಡ್ಡ ಶತ್ರು. ಅಂದು ಬೆಳಿಗ್ಗೆ ಶಾಂಪೂ ಹಾಕಿ ತೊಳೆದಿರಬೇಕು, ಕಂಡೀಷನರ್ ಬೇಡ. ಬಾಚಣಿಗೆಯ ಹಿಡಿಯ ಚೂಪು ತುದಿಯಿಂದ ಕೂದಲು ಸೀಳಿ ಸಣ್ಣ ಬೈತಲೆ ತೆಗೆದು, ನೆತ್ತಿಯ ಚರ್ಮ ಕಂಡ ಮೇಲೆ ಸ್ಕ್ರಬ್ ಜೆಲ್ ಅದ್ದಿದ ಹತ್ತಿಯಿಂದ ನಾಲ್ಕೈದು ಬಾರಿ ಮೆಲ್ಲಗೆ ಉಜ್ಜಿ. ರಕ್ತ ಬರುವಷ್ಟಲ್ಲ, ತುಸು ಕೆಂಪಾಗುವಷ್ಟು. ಚಿನ್ನದ ಲೇಪದ ಬಟ್ಟಲು ಎಲೆಕ್ಟ್ರೋಡಿನಲ್ಲಿ ಪೇಸ್ಟ್ ಸ್ವಲ್ಪ ಉಬ್ಬುವಂತೆ ತುಂಬಿ ಒತ್ತಿ, ಮೇಲೊಂದು ಗಾಜ್ ಚೂರು ಇಡಿ. ಹೆಚ್ಚಾದ ಪೇಸ್ಟ್ ಹರಡಿ ಪಕ್ಕದ ಎಲೆಕ್ಟ್ರೋಡ್ ಮುಟ್ಟಿತೋ, ಎರಡು ಚಾನೆಲ್ ಒಂದೇ ಆಗಿಬಿಡುತ್ತವೆ. ಪೇಸ್ಟ್ ಬೇಡದ ಹಲ್ಲು ಎಲೆಕ್ಟ್ರೋಡಿನ ಹೆಡ್‌ಸೆಟ್ ನೋಡಲು ಆಕರ್ಷಕ, ಆದರೆ ದಟ್ಟ ಕೂದಲಿನಲ್ಲಿ ಅರ್ಧ ಗಂಟೆಯ ಮೇಲೆ ತಲೆ ನೋಯಿಸುತ್ತದೆ. ಅದನ್ನು ನಾವು ಶಿಫಾರಸು ಮಾಡುವುದಿಲ್ಲ.

ಎಲೆಕ್ಟ್ರೋಡಿನ ಜಾಗ ಗುರುತಿಸಲು ಹೊಲಿಗೆಯವರ ಟೇಪ್ ಸಾಕು. ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬಿನವರೆಗೆ 36 ಸೆಂ.ಮೀ. ಇದ್ದರೆ, ಆ ಉಬ್ಬಿನಿಂದ ಶೇ. 10, ಅಂದರೆ 3.6 ಸೆಂ.ಮೀ. ಮೇಲೆ ಓಜೆಡ್ ಬಿಂದು. ತಲೆಯ ಸುತ್ತಳತೆ 56 ಇದ್ದರೆ ಅಲ್ಲಿಂದ ಎಡಕ್ಕೂ ಬಲಕ್ಕೂ 2.8 ಸೆಂ.ಮೀ. ಸರಿದರೆ ಓ1, ಓ2. ತಂತಿಗಳೆಲ್ಲ ಬೋರ್ಡಿನ ಕೆಳಸಾಲಿನ ಪಿನ್ನಿಗೆ. ಒಂದು ಕಿವಿಹಾಲೆಯ ತಂತಿ ಹೋಲಿಕೆಗೆ ಆಧಾರವಾದ ಎಸ್‌ಆರ್‌ಬಿ2 ಪಿನ್ನಿಗೆ, ಇನ್ನೊಂದರದು ಗದ್ದಲ ತಗ್ಗಿಸುವ ಬಯಾಸ್ ಪಿನ್ನಿಗೆ. ಇಂಪೀಡೆನ್ಸನ್ನು (ಚರ್ಮ-ಎಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ) 10 ಕಿಲೋಓಮ್‌ಗಿಂತ ಕೆಳಗಿಳಿಸಲು ಪ್ರಯತ್ನಿಸಿ. ಅದನ್ನು ಅಳೆಯುವ ಪರೀಕ್ಷೆ 31 ಹರ್ಟ್ಜ್‌ನ ಸಣ್ಣ ಪ್ರವಾಹ ಹರಿಸುತ್ತದೆ. ಮುಗಿದ ಮೇಲೆ ಆರಿಸಲು ಮರೆತರೆ ದಾಖಲೆಯಲ್ಲೆಲ್ಲ 31ರ ಶಿಖರ ಎದ್ದು ನಿಲ್ಲುತ್ತದೆ, ವಿದ್ಯಾರ್ಥಿಗಳು ಅದನ್ನೇ ಮಿದುಳಿನ ವೇಗದ ಗಾಮಾ ಅಲೆ ಎಂದು ವರದಿ ಬರೆಯುವ ಅಪಾಯವಿದೆ.

ಮೊದಲು ಕಣ್ಣು ಮಿಟುಕಿಸಿ ನೋಡಿ: ಹಣೆಯ ಮೇಲಿನ ಎಫ್‌ಪಿ1, ಎಫ್‌ಪಿ2ರಲ್ಲಿ ದೊಡ್ಡ ಜಿಗಿತ ಬರಬೇಕು. ಅದೇ ಜಿಗಿತ ಓ1ರಲ್ಲಿ ದೊಡ್ಡದಾಗಿ ಕಂಡರೆ ತಂತಿ ಅದಲುಬದಲಾಗಿದೆ. ಎಂಟೂ ಚಾನೆಲ್ ಒಂದೇ ತೆರನಾಗಿ ಕುಣಿದರೆ ಎಸ್‌ಆರ್‌ಬಿ2ರ ಕಿವಿಕ್ಲಿಪ್ ಸಡಿಲಾಗಿದೆ ಎಂದು ತಿಳಿಯಿರಿ. ಆಮೇಲೆ ಹತ್ತು ಸೆಕೆಂಡು ಕಣ್ಣು ಮುಚ್ಚಿಸಿ. ಓ1, ಓ2ರಲ್ಲಿ 10 ಹರ್ಟ್ಜ್ ಹತ್ತಿರ ಆಲ್ಫಾ ಶಿಖರ ಏಳುತ್ತದೆ, ಕಣ್ಣು ತೆರೆದೊಡನೆ ಕುಸಿಯುತ್ತದೆ. ಕೆಲವರಲ್ಲಿ ಆಲ್ಫಾ ಸಹಜವಾಗಿಯೇ ದುರ್ಬಲ, ಆಗ ಇನ್ನೊಬ್ಬರನ್ನು ಕೂರಿಸಿ. ಮನೆ ವಿದ್ಯುತ್ತಿನ ಗದ್ದಲ ತೆಗೆಯುವ ನಾಚ್ ಫಿಲ್ಟರ್ ನಮ್ಮ ವಿದ್ಯುತ್ತಿಗೆ ತಕ್ಕಂತೆ 50 ಹರ್ಟ್ಜ್‌ಗೆ ಇರಲಿ. ಆದರೆ ಅದು ಪರದೆಗೆ ಮಾತ್ರ; ಕಡತದಲ್ಲಿ ಉಳಿಯುವುದು ಕಚ್ಚಾ ಸಂಕೇತ, ವಿಶ್ಲೇಷಣೆಯಲ್ಲಿ ಮತ್ತೆ ಫಿಲ್ಟರ್ ಮಾಡಲೇಬೇಕು. ವಿಂಡೋಸ್‌ನಲ್ಲಿ ಅಲೆ ತಡೆತಡೆದು ಬಂದರೆ ಕಂಪ್ಯೂಟರಿಗೆ ಸಿಕ್ಕಿಸುವ ರೇಡಿಯೋ ಡಾಂಗಲ್‌ನ ಲೇಟೆನ್ಸಿ ಟೈಮರನ್ನು 16ರಿಂದ 1 ಮಿಲಿಸೆಕೆಂಡಿಗೆ ಇಳಿಸಿ. ಒಂದೇ ಕೋಣೆಯಲ್ಲಿ ಎರಡು ಬೋರ್ಡ್ ಇದ್ದರೆ ರೇಡಿಯೋ ಚಾನೆಲ್ ಬೇರೆ ಬೇರೆ ಇರಲಿ.

ಸೈಟನ್ ನಿಜಕ್ಕೂ ಸೋಲುವುದು ಸಮಯದ ವಿಷಯದಲ್ಲಿ. ಅಪರೂಪದ ಚಿತ್ರ ಕಂಡ ಸುಮಾರು 300 ಮಿಲಿಸೆಕೆಂಡಿಗೆ ಏಳುವ ಪಿ300 ಪ್ರತಿಕ್ರಿಯೆ ಐದು-ಹತ್ತು ಮೈಕ್ರೋವೋಲ್ಟಿನದು, ಹಿನ್ನೆಲೆಯ ಗದ್ದಲ ಅದಕ್ಕಿಂತ ಹೆಚ್ಚು. 36 ಸಲ ತೋರಿಸಿ ಸರಾಸರಿ ತೆಗೆದರೆ ಗದ್ದಲ ಆರನೇ ಒಂದಕ್ಕೆ ಇಳಿಯುತ್ತದೆ, ನಿಜ. ಆದರೆ ರೇಡಿಯೋ, ಯುಎಸ್‌ಬಿ, ಪರದೆ ಸೇರಿ ಒಂದೊಂದು ಸಲಕ್ಕೆ ಒಂದೊಂದು ವಿಳಂಬ ತಂದರೆ ಆ ಶಿಖರವೇ ಕಲಸಿಹೋಗುತ್ತದೆ. ಪರದೆಯ ಮೂಲೆಗೆ ಫೋಟೋಡಯೋಡ್ ಅಂಟಿಸಿ ಬೋರ್ಡಿನ ಅನಲಾಗ್ ಪಿನ್ನಿಗೆ ಕೊಡುವುದೇ ಪರಿಹಾರ; ಆಗ ಗುರುತೂ ಇಇಜಿಯೂ ಒಂದೇ ಸಾಲಿನಲ್ಲಿ ದಾಖಲಾಗುತ್ತವೆ. ಆ ಸರ್ಕ್ಯೂಟಿಗೆ ವಿದ್ಯುತ್ ಬೋರ್ಡಿನಿಂದಲೇ ಬರಲಿ, ಚಾರ್ಜರಿಗೆ ಸಿಕ್ಕಿಸಿದ ಲ್ಯಾಪ್‌ಟಾಪಿನಿಂದ ಖಂಡಿತ ಬೇಡ. ಬೋರ್ಡ್ ಬ್ಯಾಟರಿಯಲ್ಲಿ ನಡೆಯುವುದೇ ತಲೆಗೂ ಗೋಡೆಯ ಪ್ಲಗ್ಗಿಗೂ ಸಂಪರ್ಕ ಇರಬಾರದೆಂದು. ಇನ್ನು, ಮೂಲ ಜೋಡಣೆಯಲ್ಲಿ ಪಿಜೆಡ್ (ನೆತ್ತಿಯ ಹಿಂಭಾಗದ ನಡುಬಿಂದು) ಇಲ್ಲ. ಪಿ300 ಬೇಕಿದ್ದರೆ ಎಡಬದಿಯ ಪಿ7ರ ತಂತಿಯನ್ನು ಅಲ್ಲಿಗೆ ಸರಿಸಿ.

ಫಿಟ್ಸ್ ಪತ್ತೆಗೆ, ಚಿಕಿತ್ಸೆಯ ತೀರ್ಮಾನಕ್ಕೆ ಇದನ್ನು ಬಳಸಲೇಬೇಡಿ. ಅದು ನರರೋಗ ತಜ್ಞರ ಮತ್ತು ಆಸ್ಪತ್ರೆಯ ಇಇಜಿಯ ಕೆಲಸ. ಹಿಪೋಕ್ಯಾಂಪಸ್‌ನಂಥ ಆಳದ ಭಾಗವನ್ನು ಅಧ್ಯಯನ ಮಾಡಬೇಕೆನ್ನುವವರಿಗೂ ಎಂಟು ಎಲೆಕ್ಟ್ರೋಡ್ ಉತ್ತರ ಕೊಡುವುದಿಲ್ಲ. ಬಯೋಮೆಡಿಕಲ್, ಮನಶ್ಶಾಸ್ತ್ರ ವಿಭಾಗಗಳು ಧೈರ್ಯವಾಗಿ ಕೊಳ್ಳಬಹುದು. ಆರ್ಡರ್ ಮಾಡುವಾಗಲೇ ಎರಡು ಡಬ್ಬಿ ಪೇಸ್ಟ್, ನಾಲ್ಕು ಹೆಚ್ಚುವರಿ ಬಟ್ಟಲು ಸೇರಿಸಿ. ಬಳಸಿದ ಕೂಡಲೇ ಉಗುರುಬೆಚ್ಚಗಿನ ನೀರು, ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಒಣಗಿದ ಪೇಸ್ಟನ್ನು ಉಗುರಿನಿಂದ ಕೆರೆದರೆ ಚಿನ್ನದ ಲೇಪ ಎದ್ದುಹೋಗಿ ಸಂಕೇತ ತೇಲಾಡತೊಡಗುತ್ತದೆ.